ಜಂತರ್ ಮಂತರ್‌ಗೆ ಹೊರಡುವ ಮೊದಲು ಕಾಫಿ ಕಣದಲ್ಲೊಂದು ಕೋಲು ನೆಡಿ

ಜೈಪುರದ ಜಂತರ್ ಮಂತರ್‌ಗೆ, ಅಂದರೆ ಸೂರ್ಯ-ನಕ್ಷತ್ರಗಳನ್ನು ಅಳೆಯಲು ಕಲ್ಲಿನಲ್ಲಿ ಕಟ್ಟಿದ ದೊಡ್ಡ ಯಂತ್ರಗಳ ಜಾಗಕ್ಕೆ, ಹೋದವರಲ್ಲಿ ಹೆಚ್ಚಿನವರು ಯಂತ್ರಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಬರುತ್ತಾರೆ. ನೆರಳು ಓದಲು ಬಾರದಿದ್ದರೆ ರಾಜ ಸವಾಯಿ ಜೈಸಿಂಗ್ ಕಟ್ಟಿಸಿದ್ದು ಬರೀ ಕಲ್ಲು-ಗಾರೆಯಾಗಿ ಕಾಣುತ್ತದೆ. ಓದುವುದನ್ನು ಕೊಡಗಿನಲ್ಲೇ ಕಲಿತು ಹೋಗಬಹುದು. ಮಡಿಕೇರಿಯ ರೇಖಾಂಶ 75.74 ಡಿಗ್ರಿ, ಜೈಪುರದ್ದು 75.82. ಹೀಗಾಗಿ ಎರಡೂ ಊರಿನ ನಡುಹಗಲಿಗೆ (ಸೂರ್ಯ ಅತಿ ಎತ್ತರದಲ್ಲಿರುವ ಹೊತ್ತಿಗೆ) ಇರುವ ಅಂತರ ಸುಮಾರು 20 ಸೆಕೆಂಡು ಮಾತ್ರ. ಇಲ್ಲಿ ಕಲಿತ ಲೆಕ್ಕ ಅಲ್ಲಿಗೂ ನಡೆಯುತ್ತದೆ.

ಡಿಸೆಂಬರ್–ಜನವರಿಯಲ್ಲಿ ಕಾಫಿ ಒಣಗಿಸುವ ಕಣದ ಒಂದು ಮೂಲೆ ಬಿಡಿಸಿಕೊಳ್ಳಿ. ನೀರು ಹರಿದುಹೋಗಲೆಂದು ಕಣಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಒಂದು ಹಲಗೆ ಹಾಕಿ ರಸಮಟ್ಟದಿಂದ ಸಮ ಮಾಡಿ. ಅದರ ಮೇಲೆ 50 ಸೆಂ.ಮೀ. ಎತ್ತರದ ನೇರ ಕೋಲು ನಿಲ್ಲಿಸಿ, ತೂಗುಗುಂಡು ಇಳಿಬಿಟ್ಟು ಎರಡು ಕಡೆಯಿಂದ ನೋಡಿ. ಪೂರ್ವಕ್ಕೋ ಪಶ್ಚಿಮಕ್ಕೋ ಒಂದು ಡಿಗ್ರಿ ವಾಲಿದರೂ ನಡುಹಗಲು ಕೆಲವು ನಿಮಿಷ ಜಾರುತ್ತದೆ. ಹೆಚ್ಚಿನವರ ಲೆಕ್ಕ ಕೆಡುವುದು ಇಲ್ಲೇ.

ಕೋಲಿನ ಬುಡವನ್ನು ನಡುವಾಗಿಟ್ಟುಕೊಂಡು 50 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಮಂಜು ಕರಗಿ, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುತ್ತದೆ, ಅಲ್ಲೊಂದು ಗುರುತು. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಹೊರಗೆ ಹೋಗುವಲ್ಲಿ ಇನ್ನೊಂದು. ಎರಡನ್ನೂ ಸೇರಿಸುವ ಗೆರೆಯ ನಟ್ಟನಡುವಿನಿಂದ ಕೋಲಿನ ಬುಡಕ್ಕೆ ಎಳೆದದ್ದೇ ಉತ್ತರ–ದಕ್ಷಿಣ ಗೆರೆ. ಮೋಡ ಬಂದು ಎರಡನೇ ಗುರುತು ತಪ್ಪಿದರೆ ಅವತ್ತಿನ ಕೆಲಸ ಬಿಟ್ಟು ಮರುದಿನ ಮೊದಲಿಂದ ಮಾಡಿ.

ಮರುದಿನ ನೆರಳು ಆ ಗೆರೆಯ ಮೇಲೆ ಬಿದ್ದಾಗ ಗಡಿಯಾರ ನೋಡಿ. ಹನ್ನೆರಡು ಆಗಿರುವುದಿಲ್ಲ. ನಮ್ಮ ಗಡಿಯಾರ ತೋರಿಸುವ ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಮಡಿಕೇರಿ 27 ನಿಮಿಷ ಹಿಂದೆ. ಭೂಮಿಯ ಕಕ್ಷೆ ಪೂರ್ತಿ ವೃತ್ತವಲ್ಲ, ಅಕ್ಷವೂ ವಾಲಿದೆ. ಅದರಿಂದ ಇನ್ನಷ್ಟು ಏರುಪೇರು. ನವೆಂಬರ್ ಮೊದಲ ವಾರ ನಡುಹಗಲು 12:11ಕ್ಕೇ ಬಂದರೆ, ಫೆಬ್ರುವರಿ ನಡುವಿನಲ್ಲಿ 12:41ರವರೆಗೆ ಕಾಯಬೇಕು.

ಮಕ್ಕಳು ರಟ್ಟಿನಲ್ಲಿ ಜಂತರ್ ಮಂತರ್‌ನ ದೊಡ್ಡ ನೆರಳು ಗಡಿಯಾರವಾದ ಸಮ್ರಾಟ್ ಯಂತ್ರ ಮಾಡುವುದಾದರೆ ಒಂದು ಎಚ್ಚರ. ಅದರಲ್ಲಿ ನೆರಳು ಬೀಳಿಸುವ ಗೋಡೆಯ ಇಳಿಜಾರು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಅಂದರೆ ಊರಿನ ಅಕ್ಷಾಂಶದಷ್ಟು. ಜೈಪುರದಲ್ಲಿ 27 ಡಿಗ್ರಿ, ಮಡಿಕೇರಿಯಲ್ಲಿ 12.4. ಅಲ್ಲಿಯ ಅಳತೆಯನ್ನೇ ನಕಲು ಮಾಡಿದ್ದು ಇಲ್ಲಿ ಸರಿಯಾದ ಹೊತ್ತು ತೋರಿಸದು.

ಮೈಸೂರಿನಿಂದಲೇ ಜೈಪುರಕ್ಕೆ ರೈಲಿದೆ. ಮಳೆಗಾಲ ಬೇಡ. ಒಂದು ತೆಳು ದಾರ ಜೇಬಿನಲ್ಲಿರಲಿ. ಸುಮಾರು 27 ಮೀಟರ್ ಎತ್ತರದ ಸಮ್ರಾಟ್ ಯಂತ್ರದ ನೆರಳು ಸೆಕೆಂಡಿಗೆ ಒಂದು ಮಿಲಿಮೀಟರಿನಂತೆ ಸರಿಯುತ್ತದೆ, ಕಣ್ಣಿಗೇ ಕಾಣುತ್ತದೆ. ಆದರೆ ಸೂರ್ಯ ಅರ್ಧ ಡಿಗ್ರಿ ಅಗಲದ ಬಿಂಬವಾದ್ದರಿಂದ ನೆರಳಿನ ಅಂಚು ಮಸುಕು. ದಾರವನ್ನು ಅಂಚಿಗೆ ಸಮಾನಾಂತರವಾಗಿ, ಕಲ್ಲಿನಿಂದ ಒಂದು ಸೆಂ.ಮೀ. ಮೇಲೆ ಬಿಗಿಯಾಗಿ ಹಿಡಿದು ನಿಧಾನಕ್ಕೆ ಸರಿಸಿ. ಅದರ ನೆರಳು ದೊಡ್ಡ ನೆರಳಿನಲ್ಲಿ ಮರೆಯಾಗುವ ಜಾಗವನ್ನೇ ಅಂಚೆಂದು ಓದಿ. ಗೋಡೆಯ ಎರಡೂ ಬದಿಗೆ ನೆರಳು ಬೀಳುವ, ಹೊತ್ತು ಗುರುತಿಸಿದ ಬಾಗಿದ ಕಮಾನುಗಳಿವೆ. ಹನ್ನೆರಡಕ್ಕೆಲ್ಲ ಪಶ್ಚಿಮದ ಕಮಾನಿನ ಬಳಿ ನಿಂತಿರಿ. ನಡುಹಗಲು ದಾಟುತ್ತಿದ್ದಂತೆ ನೆರಳು ಪೂರ್ವದ ಕಮಾನಿಗೆ ಏರುತ್ತದೆ.