ರಿಫಿಲ್ ಮುಳ್ಳಿನ ಆರ್ಕಿಯೋಸಿಡಾರಿಸ್

ಕಂಟಕಚರ್ಮಿಗಳ ಪಾಠ ಬಂದಾಗಲೆಲ್ಲ ಅದೇ ನಕ್ಷತ್ರಮೀನಿನ ಚಾರ್ಟ್ ತೂಗುಹಾಕಿ ನನಗೇ ಬೇಸರ ಬಂದಿತ್ತು. ಗದಗಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಈ ಸಲ ಅಳಿದುಹೋದ ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲಜೀವಿ) ಒಂದರ ಮಾದರಿ ಮಾಡಲು ಕೂತೆ. ಆರಿಸಿದ್ದು ಆರ್ಕಿಯೋಸಿಡಾರಿಸ್, ಆರ್ಕಿಯೋಸಿಡಾರಿಡೇ ಎಂಬ ಕುಟುಂಬದ ಹೆಸರು ಬಂದದ್ದು ಇದರಿಂದಲೇ. ಅಮೆರಿಕದ ಟೆಕ್ಸಾಸಿನಲ್ಲಿ ಬ್ರೌನ್‌ವುಡ್ ಕಡೆ ಇದರ ಇಡಿಇಡೀ ಪಳೆಯುಳಿಕೆಗಳು ಸಿಕ್ಕಿವೆ, ಸುಮಾರು 30 ಕೋಟಿ ವರ್ಷ ಹಳೆಯವು. ಆ ಫೋಟೋಗಳನ್ನೇ ಎದುರಿಗಿಟ್ಟುಕೊಂಡೆ.

ಮೊದಲನೆಯದು ಕೆಟ್ಟಿತು. ಗಟ್ಟಿ ಪ್ಲಾಸ್ಟಿಕ್ ಚೆಂಡಿಗೆ ರಟ್ಟಿನ ಷಟ್ಕೋನಗಳನ್ನು ಅಂಚಿಗೆ ಅಂಚು ಕೂಡಿಸಿ ಫೆವಿಕಾಲ್ ಹಚ್ಚಿದೆ, ಆದದ್ದು ಫುಟ್‌ಬಾಲ್. ನಿಜವಾದ ಆರ್ಕಿಯೋಸಿಡಾರಿಸ್‌ನ ಚಿಪ್ಪಿನ ಫಲಕಗಳ ಅಂಚು ಓರೆ, ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಏರಿರುತ್ತವೆ, ಅದಕ್ಕೇ ಮೈ ಬಾಗುತ್ತಿತ್ತು. ಸಾಲೂ ತಪ್ಪಿದ್ದೆ. ಈಗಿನ ಅರ್ಚಿನ್‌ಗಳಿಗೆ ಫಲಕಗಳ 20 ಸಾಲು. ಇದಕ್ಕೆ ಕೊಳವೆಪಾದಗಳ (ಫಲಕದ ತೂತುಗಳಿಂದ ಹೊರಚಾಚುವ ಮೆತ್ತನೆಯ ಸಣ್ಣ ಪಾದಗಳು) ಐದು ಪಟ್ಟಿಯಲ್ಲಿ ಎರಡೆರಡು, ನಡುವಿನ ಐದು ಅಗಲ ಪಟ್ಟಿಯಲ್ಲಿ ನಾಲ್ಕು ನಾಲ್ಕು, ಒಟ್ಟು 30.

ಎರಡನೇ ಸಲ ಹಳೇ ಬ್ಲಾಡರ್‌ಗೆ ಗಾಳಿ ತುಂಬಿ, ಫಲಕಗಳ ಒಂದೊಂದೇ ಅಂಚಿಗೆ ಅಂಟು ಹಚ್ಚಿದೆ. ಕೊಳವೆಪಾದದ ಪಟ್ಟಿಗೆ ರಿಬ್ಬನ್ನು, ಅದರಲ್ಲಿ ಸೂಜಿಯಿಂದ ಜೋಡಿ ಜೋಡಿ ತೂತು.

ಮುಳ್ಳಿಗೆ ಮಾತ್ರ ವಾರ ಹಿಡಿಯಿತು. ಅಗಲ ಪಟ್ಟಿಯ ಪ್ರತಿ ಫಲಕದ ನಡುವೆ ಒಂದು ದೊಡ್ಡ ಗುಬಟು, ಅದರ ನೆತ್ತಿಯಲ್ಲಿ ಕುಳಿ. ಮುಳ್ಳಿನ ಬುಡ ಆ ಗುಬಟಿನ ಮೇಲೆ ಕೂತು ಅತ್ತಿತ್ತ ತಿರುಗುತ್ತದೆ, ನಮ್ಮ ತೋಳಿನ ಕೀಲಿನಂತೆ. ಗುಬಟಿಗೆ ಮಣಿ ಅಂಟಿಸಿದೆ, ಮುಳ್ಳಿಗೆ ಮಕ್ಕಳು ತಂದ ಖಾಲಿ ರಿಫಿಲ್. ಮಣಿಯ ತೂತಿನಿಂದ ಇಲಾಸ್ಟಿಕ್ ದಾರ ಎಬ್ಬಿಸಿ, ರಿಫಿಲ್ ಒಳಗೆ ಎಳೆದು, ತುದಿಗೆ ಗಂಟು. ಬೆರಳಿಂದ ತಳ್ಳಿದರೆ ಮುಳ್ಳು ಮಲಗುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಪ್ರಾಣಿಯಲ್ಲೂ ಆ ಕುಳಿಯಿಂದ ಹೀಗೇ ಒಂದು ನಾರು ಮುಳ್ಳನ್ನು ಹಿಡಿದಿಡುತ್ತದೆ.

ಪ್ರದರ್ಶನದ ಹಿಂದಿನ ರಾತ್ರಿ ಬ್ಲಾಡರ್ ಸೋರಿತು. ಬೆಳಿಗ್ಗೆ ನೋಡಿದರೆ ಮೇಜಿನ ತುಂಬ ರಟ್ಟು, ರಿಫಿಲ್ಲು. ಹುಡುಗಿಯೊಬ್ಬಳು ಅಳುವುದೊಂದೇ ಬಾಕಿ. ‘ತಡಿ’ ಅಂದೆ. ಸತ್ತು ಮಾಂಸ ಕೊಳೆತ ಮೇಲೆ ಈ ಪ್ರಾಣಿಗೂ ಇದೇ ಗತಿ. ಬಿಡಿ ಫಲಕ, ಬಿಡಿ ಮುಳ್ಳು ಸಿಗುವುದೇ ಹೆಚ್ಚು, ಇಡಿಯದು ಅಪರೂಪ. ತಟ್ಟೆಗೆ ಮರಳು ಸುರಿದು ಚೂರುಗಳನ್ನು ಹಾಗೇ ಹರಡಿದೆವು. ತೀರ್ಪುಗಾರರೊಬ್ಬರು, ‘ಒಡದ ಮಾಡೆಲ್ ಯಾಕ ತಂದೀರಿ ಸರ?’ ಅಂದರು. ಬಹುಮಾನದ ಮಾತು ಬಿಡಿ.

‘ನಮ್ಮ ಕಪ್ಪತಗುಡ್ಡದಾಗ ಇವು ಸಿಗತಾವೇನ್ರಿ?’ ಎಂದು ಕೇಳದ ಹುಡುಗನಿಲ್ಲ. ಸಿಗುವುದಿಲ್ಲ. ಆ ಗುಡ್ಡದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಅರ್ಚಿನ್‌ಗಳ ವಂಶ ಶುರುವಾದದ್ದೇ ಸುಮಾರು 45 ಕೋಟಿ ವರ್ಷದ ಹಿಂದೆ. ‘ಹಂಗಾರ ಹುಡುಕೂದ ಬ್ಯಾಡ’ ಎಂದು ಒಬ್ಬ ನಿರಾಳವಾದ.

ರಿಫಿಲ್ ಮಾತ್ರ ಇನ್ನೂ ಬರುತ್ತಲೇ ಇವೆ. ಬೇಡ ಅನ್ನಲು ಮನಸ್ಸಾಗದೆ ಡಬ್ಬಿಗೆ ತುಂಬುತ್ತಿದ್ದೇನೆ.