ಹುತ್ತರಿಗೆ ಮೊದಲಿನ ದಿನಗಳು: ಹಿತ್ತಲನ್ನು ಪೂರ್ತಿ ಗುಡಿಸಬೇಡಿ

ಕಾವೇರಿ ಸಂಕ್ರಮಣ ಕಳೆದು, ಗದ್ದೆಯ ಭತ್ತ ಹಳದಿಗೆ ತಿರುಗಿ, ಹುತ್ತರಿಗೆ ಇನ್ನೂ ಕೆಲವು ವಾರ ಉಳಿದಿರುವ ಈ ಅವಧಿ ಕೊಡಗಿನ ಮನೆಗಳಿಗೆ ವರ್ಷದಲ್ಲಿ ಒಮ್ಮೆ ಮಾತ್ರ ಸಿಗುವ ಬಿಡುವು. ಅರೇಬಿಕಾ ಕಾಫಿಯ ಹಣ್ಣು ಅಲ್ಲಲ್ಲಿ ಕೆಂಪಾಗುತ್ತಿದ್ದರೂ ಕೊಯ್ಲಿನ ಗಡಿಬಿಡಿ ಇನ್ನೂ ಹತ್ತಿರುವುದಿಲ್ಲ. ರೊಬಸ್ಟಾಕ್ಕಂತೂ ಜನವರಿಯವರೆಗೆ ಕಾಯಬೇಕು. ಈ ಬಿಡುವಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ, ಮಳೆಗಾಲವಿಡೀ ನೆನೆದು ಬಿದ್ದಿದ್ದ ಹಿತ್ತಲನ್ನು ಒಂದು ಎಲೆಯೂ ಉಳಿಯದಂತೆ ಗುಡಿಸಿ, ಬೇಲಿಯ ಪೊದೆಗಳನ್ನು ಸವರಿ, ಎಲ್ಲವನ್ನೂ ರಾಶಿ ಮಾಡಿ ಬೆಂಕಿ ಹಾಕುವುದು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನೂ ಇಪ್ಪತ್ತು ವರ್ಷ ಹಾಗೆಯೇ ಮಾಡಿದೆ. ಅಂಗಳ ಕನ್ನಡಿಯಂತಿರಬೇಕು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅಂಗಳದ ಮಟ್ಟಿಗೆ ಆ ಮಾತು ಸರಿ, ಹಕ್ಕಿಗಳು ಬರುವ ಹಿತ್ತಲಿಗೆ ಅದು ಸಲ್ಲುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಹಿತ್ತಲಿನ ಒಂದು ಮೂಲೆಯಲ್ಲಿ, ಹೆಚ್ಚೆಂದರೆ ಎರಡು ಚಾಪೆಯಷ್ಟು ಜಾಗದಲ್ಲಿ, ತರಗೆಲೆಯನ್ನು ಬಿದ್ದಂತೆಯೇ ಬಿಡಿ. ಆ ತರಗಿನ ಕೆಳಗೆ ಹುಳು, ಗೆದ್ದಲು, ಜೇಡ ಎಲ್ಲವೂ ಇರುತ್ತವೆ. ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಏಳೆಂಟು ಹರಟೆಮಲ್ಲಗಳು ಗುಂಪಾಗಿ ಬಂದು, ಒಂದೊಂದೇ ಎಲೆಯನ್ನು ಕೊಕ್ಕಿನಲ್ಲಿ ಹಿಡಿದು ಪಕ್ಕಕ್ಕೆ ಎಸೆಯುತ್ತಾ, ತಮ್ಮತಮ್ಮಲ್ಲೇ ಗಲಾಟೆ ಮಾಡುತ್ತಾ ಮೇಯುವುದನ್ನು ನೋಡುವುದೇ ಒಂದು ಸುಖ. ತರಗಿನ ಮೂಲೆ ಮನೆಯ ಗೋಡೆಯಿಂದ ದೂರವಿರಲಿ, ಏಕೆಂದರೆ ಗೋಡೆಗೆ ತಾಗಿ ಎಲೆ ರಾಶಿ ಬಿದ್ದರೆ ಗೆದ್ದಲು ಮರದ ಚೌಕಟ್ಟಿಗೆ ಏರುತ್ತದೆ, ಚೇಳೂ ಬಂದು ಸೇರುತ್ತದೆ. ಬೇಲಿಯ ಪೊದೆಯನ್ನೂ ಎದೆಯ ಎತ್ತರಕ್ಕೆ ಸವರಿ ನಿಲ್ಲಿಸಿ, ಬುಡದವರೆಗೆ ಕಡಿಯಬೇಡಿ. ಉತ್ತರದಿಂದ ಚಳಿಗಾಲಕ್ಕೆಂದು ಇಲ್ಲಿಗೆ ಬರುವ ಉಲಿಯಕ್ಕಿಗಳು ಆ ಪೊದೆಯೊಳಗೇ ಇಡೀ ದಿನ ಕಳೆಯುತ್ತವೆ. ಹಕ್ಕಿ ಕಣ್ಣಿಗೆ ಬೀಳುವುದು ಅಪರೂಪ, ‘ಟಕ್, ಟಕ್’ ಎಂದು ನಾಲಗೆ ಲೊಟ್ಟೆ ಹೊಡೆದಂತೆ ಕೇಳಿಸುವ ಸದ್ದಿನಿಂದಲೇ ಅದು ಅಲ್ಲಿದೆ ಎಂದು ತಿಳಿಯಬೇಕು.

ಮಳೆ ನಿಂತ ಕೂಡಲೇ ಹಕ್ಕಿಗಳಿಗೆ ನೀರು ಬೇಕಾಗುತ್ತದೆ ಎಂದರೆ ಕೊಡಗಿನವರು ನಂಬುವುದಿಲ್ಲ. ಆದರೆ ಎಲೆಯ ಮೇಲಿನ ನೀರು, ಚರಂಡಿಯ ನೀರು ಎಲ್ಲವೂ ನವೆಂಬರ್ ಬಿಸಿಲಿಗೆ ಬೇಗ ಒಣಗುತ್ತವೆ. ಅಗಲವಾದ ಮಣ್ಣಿನ ತಟ್ಟೆಯೊಂದನ್ನು ತೆಗೆದುಕೊಳ್ಳಿ. ಹೂಕುಂಡದ ಕೆಳಗಿಡುವ ತಟ್ಟೆಯಾದರೂ ಸಾಕು. ನೀರು ಎರಡು ಅಂಗುಲಕ್ಕಿಂತ ಆಳವಿರಬಾರದು, ನಡುವೆ ಒಂದು ಒರಟು ಕಲ್ಲು ಇರಬೇಕು, ಏಕೆಂದರೆ ಸಣ್ಣ ಹಕ್ಕಿ ಜಾರುವ ತಳದಲ್ಲಿ ಕಾಲೂರುವುದಿಲ್ಲ. ತಟ್ಟೆಯನ್ನು ಪೊದೆಯಿಂದ ಆರೇಳು ಅಡಿ ದೂರದಲ್ಲಿ ಇಡಿ. ತೀರ ಹತ್ತಿರವಿಟ್ಟರೆ ಬೆಕ್ಕು ಪೊದೆಯಲ್ಲಿ ಹೊಂಚುತ್ತದೆ, ತೀರ ಬಯಲಿನಲ್ಲಿಟ್ಟರೆ ಗಿಡುಗ ಬಂದಾಗ ಹಕ್ಕಿಗೆ ಓಡಿ ಅಡಗಲು ಜಾಗವಿರುವುದಿಲ್ಲ. ನೀರನ್ನು ದಿನವೂ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸದಾಗಿ ತುಂಬಿಸಬೇಕು. ಸೋಪು ಬೇಡ. ಸೊಳ್ಳೆಯ ಮೊಟ್ಟೆ ಮರಿಯಾಗಿ ರೆಕ್ಕೆ ಮೂಡಲು ಒಂದು ವಾರ, ಹತ್ತು ದಿನ ಬೇಕು. ದಿನವೂ ನೀರು ಬದಲಿಸುವ ಮನೆಯಲ್ಲಿ ಹಕ್ಕಿಯ ತಟ್ಟೆಯಿಂದ ಸೊಳ್ಳೆ ಹುಟ್ಟಲಾರದು.

ತಿನ್ನಲು ಏನು ಇಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ, ಸ್ವಲ್ಪ ಮಾತ್ರ ಇಡಿ ಎಂಬುದು. ಉಪ್ಪು ಹಾಕಿದ ಅನ್ನ, ಸಾರು ಕಲಸಿದ ಉಳಿಕೆ, ಬ್ರೆಡ್ಡು, ಎಣ್ಣೆಯ ತಿಂಡಿ ಯಾವುದೂ ಬೇಡ. ಬೆಳವಕ್ಕೆ ಒಂದು ಹಿಡಿ ನುಚ್ಚಕ್ಕಿ ಅಥವಾ ರಾಗಿ ಸಾಕು, ಅದೂ ಸಂಜೆಗೆ ಉಳಿಯದಷ್ಟು; ಉಳಿದರೆ ಇಲಿಗೆ ಔತಣ. ಹುತ್ತರಿಯ ತಂಬಿಟ್ಟಿಗೆಂದು ಬಾಳೆಗೊನೆ ಕಡಿದು ಹಣ್ಣಿಗಿಟ್ಟಾಗ, ತೀರ ಕಪ್ಪಾದ ಒಂದೆರಡು ಹಣ್ಣನ್ನು ಸೀಬೆಯ ಕೊಂಬೆಗೆ ಸಿಕ್ಕಿಸಿ. ಮೊದಲು ಜುಟ್ಟಿನ ಪಿಕಳಾರ ಬರುತ್ತದೆ, ಸುತ್ತ ನೋಡಿ ಒಂದು ತುಣುಕು ಕುಕ್ಕಿ ಹಾರುತ್ತದೆ. ಬಳಿಕ ಹಸಿರು ಕುಟ್ರು ಬಂದು ಹಣ್ಣಿನ ಮೇಲೆಯೇ ಕುಳಿತು, ಯಾರಿಗೂ ಬಿಡದೆ, ಮುಖವೆಲ್ಲ ಅಂಟು ಮಾಡಿಕೊಂಡು ತಿನ್ನುತ್ತದೆ. ಕಿತ್ತಳೆ ಮತ್ತು ಸೀಬೆ ಮರದ ತುದಿಯ ಹಣ್ಣುಗಳಿಗೆ ದೋಟಿ ಹಾಕಬೇಡಿ. ಅವು ಹಕ್ಕಿಯ ಪಾಲು. ಅಡುಗೆಮನೆಯ ಹಿಂದಿನ ಗಾಂಧಾರಿ ಮೆಣಸಿನ ಗಿಡವನ್ನು ನೀವು ನೆಟ್ಟಿರುವುದಿಲ್ಲ, ಪಿಕಳಾರವೇ ನೆಟ್ಟಿರುತ್ತದೆ: ಮೆಣಸಿನ ಖಾರ ಹಕ್ಕಿಯ ನಾಲಗೆಗೆ ತಾಗುವುದಿಲ್ಲ, ಬೀಜ ಜೀರ್ಣವಾಗದೆ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ನಮ್ಮ ಮನೆಯಲ್ಲಿ ಐದು ಗಿಡಗಳಿವೆ; ಒಂದನ್ನೂ ನಾನು ನೆಟ್ಟದ್ದಲ್ಲ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಕಿಟಕಿಯ ವಿಷಯ. ಹಳೆಯ ಮರದ ಬಾಗಿಲು ತೆಗೆಸಿ, ಹಿಂಬದಿಯ ಕೋಣೆಗೆ ದೊಡ್ಡ ಗಾಜು ಹಾಕಿಸಿದ ವರ್ಷದ ನವೆಂಬರಿನಲ್ಲಿ, ಒಂದು ಮುಂಜಾನೆ ‘ಧಡ್’ ಎಂಬ ಸದ್ದು ಕೇಳಿ ಹೊರಗೆ ಓಡಿದೆ. ಗಾಜಿನ ಕೆಳಗೆ, ಒದ್ದೆ ಹುಲ್ಲಿನಲ್ಲಿ, ನವರಂಗವೊಂದು ರೆಕ್ಕೆ ಹರಡಿ ಬಿದ್ದಿತ್ತು. ಮುಷ್ಟಿಯಷ್ಟು ದೊಡ್ಡ ಹಕ್ಕಿ. ಬೆನ್ನು ಹಸಿರು, ಹೊಟ್ಟೆ ಅರಿಶಿನ ಬೆರೆಸಿದ ಹಿಟ್ಟಿನ ಬಣ್ಣ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದ ಕೆಳಗೆ ಕುಂಕುಮದಂಥ ಕೆಂಪು. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯ ಭಾರತದ ಕಾಡುಗಳಲ್ಲಿಯೂ ಮರಿ ಮಾಡಿ, ರಾತ್ರಿಗಳಲ್ಲಿ ಹಾರುತ್ತಾ ಇಷ್ಟು ದೂರ ಬಂದ ಹಕ್ಕಿ ನನ್ನ ಮನೆಯ ಗಾಜಿಗೆ ಬಡಿದು ಬಿದ್ದಿತ್ತು. ಗಾಜಿನಲ್ಲಿ ಕಾಣುವ ಮರಗಳ ನೆರಳನ್ನು ಅದು ತೋಟವೆಂದೇ ತಿಳಿಯುತ್ತದೆ. ಅವಸರದಲ್ಲಿ ನಾನು ಅದರ ಬಾಯಿಗೆ ನೀರು ಬಿಡಲು ಹೋದೆ. ತೋಟದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು, ‘ಬೇಡಮ್ಮಾ, ನೀರು ಶ್ವಾಸಕ್ಕೆ ಹೋದರೆ ಉಳಿಯುವುದಿಲ್ಲ’ ಎಂದು ತಡೆದರು. ಅವರು ಹೇಳಿದಂತೆ, ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಒಳಗೆ ಹಳೆಯ ಪಂಚೆ ಹಾಸಿ, ಹಕ್ಕಿಯನ್ನು ಅದರಲ್ಲಿಟ್ಟು ಮುಚ್ಚಿ, ಸದ್ದಿಲ್ಲದ ಕತ್ತಲೆಯ ಮೂಲೆಯಲ್ಲಿ ಇಟ್ಟೆವು. ಪದೇಪದೇ ತೆರೆದು ನೋಡಬಾರದು, ಅದೇ ಕಷ್ಟದ ಕೆಲಸ. ಒಂದು ಗಂಟೆಯ ನಂತರ ಒಳಗೆ ಕಾಲಿನ ಸದ್ದು ಕೇಳಿಸಿತು. ಪೆಟ್ಟಿಗೆಯನ್ನು ತೋಟದ ಅಂಚಿಗೆ ಒಯ್ದು ಮುಚ್ಚಳ ತೆಗೆದಾಗ, ಅದು ಒಂದು ಕ್ಷಣ ನನ್ನನ್ನು ನೋಡಿ, ಕಾಫಿ ಗಿಡಗಳ ಕೆಳಗೆ ತಗ್ಗಾಗಿ ಹಾರಿ ಮರೆಯಾಯಿತು.

ಆ ದಿನವೇ ಗಾಜಿನ ಹೊರಮೈಗೆ ಬಿಳಿ ದಾರಗಳನ್ನು, ಎರಡೆರಡು ಅಂಗುಲಕ್ಕೆ ಒಂದರಂತೆ, ಮೇಲಿನಿಂದ ಕೆಳಗೆ ಇಳಿಬಿಟ್ಟೆ. ಒಳಗಿನ ಪರದೆಯಿಂದ ಹೆಚ್ಚು ಉಪಯೋಗವಿಲ್ಲ, ಗುರುತು ಹೊರಗಡೆಯೇ ಇರಬೇಕು; ಒಂದೇ ಒಂದು ಚಿತ್ರ ಅಂಟಿಸಿದರೂ ಸಾಲದು, ಅದರ ಪಕ್ಕದಿಂದ ಹಕ್ಕಿ ನುಗ್ಗುತ್ತದೆ. ನೋಟಕ್ಕೆ ಸ್ವಲ್ಪ ಅಡ್ಡಿ ಎನಿಸುವುದು ಮೊದಲ ವಾರ ಮಾತ್ರ.

ಹೊಸ ಭತ್ತ ಮನೆಗೆ ಬರುವ ಮೊದಲು ಕಣಜದ ಸುತ್ತ ಇಲಿ ಪಾಷಾಣ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ದಯವಿಟ್ಟು ಇಡಬೇಡಿ. ಪಾಷಾಣ ತಿಂದು ತೂರಾಡುವ ಇಲಿಯನ್ನು ಕಣಜಗೂಬೆ ಸುಲಭವಾಗಿ ಹಿಡಿಯುತ್ತದೆ, ಆ ವಿಷ ಅದನ್ನೂ ಕೊಲ್ಲುತ್ತದೆ. ಇಲಿ ಹಿಡಿಯುವ ಗೂಬೆಯನ್ನೇ ಕಳೆದುಕೊಂಡ ಮೇಲೆ ಮರುವರ್ಷ ಇಲಿ ಇಮ್ಮಡಿಯಾಗದೆ ಇರುತ್ತದೆಯೇ? ಬೋನು ಇಡಿ, ಕಣಜದ ಬಾಯಿ ಭದ್ರ ಮಾಡಿ. ಹಾಗೆಯೇ ಕೆಂಬೂತವನ್ನು ಅಪಶಕುನವೆಂದು ಓಡಿಸಬೇಡಿ, ಶನಿವಾರಸಂತೆ ಕಡೆಯ ತೋಟಗಳನ್ನು ಕಾಡಿದ ಬಸವನಹುಳುಗಳಂಥವನ್ನು ತಿನ್ನುವ ಹಕ್ಕಿ ಅದು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡು, ಆಮೇಲೆ ನಮ್ಮ ತೋಟಗಳಿಗೂ ಬಂದ, ಕಾಫಿ ಕಾಯಿಯನ್ನು ಕೊರೆಯುವ ಕಾಯಿಕೊರಕ ಎಂಬ ಕೀಟವನ್ನು ಸಣ್ಣ ಹಕ್ಕಿಗಳು ತಿನ್ನುತ್ತವೆ ಎಂಬುದನ್ನು ಜಮೈಕಾದ ಕಾಫಿ ತೋಟಗಳಲ್ಲಿ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಕಂಡ ಹುಳಕ್ಕೆಲ್ಲ ಮದ್ದು ಹೊಡೆಯುವ ಮೊದಲು ಇದನ್ನು ನೆನೆಯಿರಿ.

ಇಷ್ಟು ಮಾಡಿದ ಮೇಲೆ ಕುಳಿತು ನೋಡುವ ಸಮಯವನ್ನೂ ಮಾಡಿಕೊಳ್ಳಬೇಕು, ಅದು ತಾನಾಗಿ ಸಿಗುವುದಿಲ್ಲ. ಕಂಬಳಿ, ಹಾಸಿಗೆಗಳ ಬೂಷ್ಟು ಹೋಗಲು ಬೆಳಗ್ಗೆ ಹತ್ತು ಗಂಟೆಯ ಮೇಲಿನ ಬಿಸಿಲು ಬೇಕು. ಆದ್ದರಿಂದ ಅದಕ್ಕೆ ಮೊದಲಿನ ಒಂದು ಗಂಟೆಯನ್ನು ಜಗಲಿಗೆ ಮೀಸಲಿಡಿ. ಹಂಡೆಯ ಒಲೆಗೆ ಒಣಗಿಸಿಟ್ಟ ಕಿತ್ತಳೆ ಸಿಪ್ಪೆ ನಾಲ್ಕು ಹಾಕಿದರೆ ಅದರ ಎಣ್ಣೆಗೆ ಬೆಂಕಿ ಬೇಗ ಹತ್ತುತ್ತದೆ, ಊದುವ ಕೆಲಸ ಉಳಿಯುತ್ತದೆ. ಎರಡು ಲೋಟ ನೀರಿಗೆ ಸಣ್ಣ ನಿಂಬೆ ಗಾತ್ರದ ಬೆಲ್ಲ, ಜಜ್ಜಿದ ನಾಲ್ಕು ಕಾಳುಮೆಣಸು ಹಾಕಿ ಕುದಿಸಿ, ಇಳಿಸಿದ ಮೇಲೆ ಎರಡು ಚಮಚ ಕಾಫಿ ಪುಡಿ ಸೇರಿಸಿ ನಾಲ್ಕು ನಿಮಿಷ ಮುಚ್ಚಿಡಿ. ಪುಡಿಯನ್ನು ಕುದಿಸಿದರೆ ಕಹಿಯೇ ಮುಂದಾಗುತ್ತದೆ. ಸೋಸಿದ ಗಸಿಯನ್ನು ಗುಲಾಬಿಯ ಬುಡಕ್ಕೆ ಹಾಕಿ. ಲೋಟ ಹಿಡಿದು ಜಗಲಿಯಲ್ಲಿ ಕುಳಿತರೆ, ಒದ್ದೆ ಕಣದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ನಿಮ್ಮಿಂದ ಹತ್ತು ಹೆಜ್ಜೆಯಲ್ಲೇ ಹುಳ ಹೆಕ್ಕುತ್ತದೆ; ನೀವು ಅಲುಗಾಡದಿದ್ದರೆ ಅದಕ್ಕೆ ಭಯವಿಲ್ಲ. ಮೊದಲ ಬಾರಿ ಅದು ಕಂಡ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಳೆಯ ಕ್ಯಾಲೆಂಡರುಗಳನ್ನು ನಾನು ಎಸೆಯುವುದಿಲ್ಲ, ವರ್ಷಕ್ಕೆ ವರ್ಷ ಹೋಲಿಸಿ ನೋಡುತ್ತೇನೆ.

ಸಂಜೆ ಬೆಕ್ಕಿಗೆ ಬೇಗ ಅನ್ನ ಹಾಕಿ ಒಳಗೆ ಕರೆದುಕೊಳ್ಳಿ, ಬೆಳಗ್ಗೆ ಎಂಟರವರೆಗೆ ಹೊರಗೆ ಬಿಡಬೇಡಿ. ನೆಲದಲ್ಲಿ ಮೇಯುವ ಹಕ್ಕಿಗಳಿಗೆ ಮುಂಜಾನೆ ಮತ್ತು ಮುಸ್ಸಂಜೆಯೇ ಅಪಾಯದ ಹೊತ್ತು. ಆರು ಗಂಟೆಯ ಸುಮಾರಿಗೆ ತೋಟದ ಒಳಗಿನಿಂದ ಎರಡು ಸ್ವರದ ಸ್ಪಷ್ಟವಾದ ಸಿಳ್ಳು ಕೇಳಿಸಿದರೆ ಅದು ನವರಂಗ. ತಮಿಳರು ಅದನ್ನು ಆರು ಮಣಿ ಕುರುವಿ, ಎಂದರೆ ಆರು ಗಂಟೆಯ ಹಕ್ಕಿ ಎಂದೇ ಕರೆಯುತ್ತಾರೆ. ಒಮ್ಮೆ ಕೂಗಿ, ಸ್ವಲ್ಪ ತಡೆದು ಮತ್ತೆ ಕೂಗುತ್ತದೆ. ಆ ಹೊತ್ತಿನಲ್ಲಿ ಟಿವಿ ಹಾಕದೆ ಇರಿ, ಮಕ್ಕಳನ್ನೂ ಹತ್ತಿರ ಕೂರಿಸಿಕೊಂಡು ಎಷ್ಟು ಬಾರಿ ಕೂಗಿತೆಂದು ಎಣಿಸಲು ಹೇಳಿ.