ಓಡುವ ಮುಧೋಳ ನಾಯಿ ಸೀಟಿಗೆ ತಿರುಗಿತು

"ಕಣ್ಣಿಗೆ ಬಿದ್ದ ಮೇಲೆ ಅದಕ್ಕೆ ಕಿವಿ ಇರಂಗಿಲ್ಲ ಕಣೋ" ಅಂತ ನಮ್ಮ ಸೋದರಮಾವ ಹೇಳಿದ್ದು 2021ರಲ್ಲಿ, ನಾನು ಮೊದಲ ಮರಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಸ್ಸಿಂದ ಇಳಿದ ದಿನ. ಮಾವನಿಗೆ ಈಗ ಎಪ್ಪತ್ತೈದು ದಾಟಿದೆ. ಹುಡುಗನಾಗಿದ್ದಾಗ ಯುಗಾದಿ ಬೇಟೆಗೆ ನಾಯಿ ಹಿಡಿದುಕೊಂಡು ಹೋದವನು, ಹಾಗಾಗಿ ಅವನ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ಊರಲ್ಲಿ ಬೇರೆಯವರೂ ಅದನ್ನೇ ಅಂದರು. ಮುಧೋಳದ ನಾಯಿ ಅಟ್ಟಿಸಿಕೊಂಡು ಹೋಗೋದು ಖರೆ, ವಾಪಸ್ ಕರೆಯೋದು ಸುಳ್ಳು.

ನನಗೆ ಬೇಕಾಗಿದ್ದು ಎರಡೂ. ಮೆಕ್ಕೆಜೋಳಕ್ಕೆ ಬಿದ್ದ ಹಂದಿಯನ್ನು ಬದು ದಾಟಿಸಬೇಕು, ದಾಟಿಸಿದ ಮೇಲೆ ನಿಂತು ತಿರುಗಿ ಬರಬೇಕು. 2024 ಮತ್ತು 2025ರ ಎರಡು ಮುಂಗಾರಲ್ಲೂ ನಮ್ಮ ಹೆಣ್ಣುನಾಯಿ ಇದನ್ನು ಮಾಡಿದೆ. ಆವತ್ತು ನಕ್ಕವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾಯಿ ಸಾಕಿ ಗೊತ್ತಿರುವವರಿಗೆ ಮಾತ್ರ ಇದು. ಜಂತಿನ ಔಷಧ, ರೇಬಿಸ್ ಚುಚ್ಚುಮದ್ದು ಎಲ್ಲ ನಿಮಗೆ ಗೊತ್ತಿರುವುದೇ.

ತಿರುಗಿ ಬರುವುದು ಯಾಕೆ ಅಷ್ಟು ಮುಖ್ಯ ಅಂದರೆ, ನಮ್ಮದು ಜಗಳೂರು ತಾಲ್ಲೂಕು, ನಮ್ಮ ಹೊಲದಿಂದ ಮೂರನೇ ಹೊಲಕ್ಕೆ ಕಾಡು. ರಂಗಯ್ಯನದುರ್ಗದ ಕೊಂಡುಕುರಿ ಧಾಮ, 2011ರಲ್ಲಿ ಘೋಷಣೆಯಾದದ್ದು. ಕೊಂಡುಕುರಿ ಗಂಡಿಗೆ ನಾಲ್ಕು ಕೊಂಬು, ಹೋತಕ್ಕಿಂತ ಸ್ವಲ್ಪ ಗಿಡ್ಡ, ನಾಯಿ ಬೆನ್ನು ಹತ್ತಿದರೆ ಅದರ ಕಥೆ ಮುಗಿಯಿತು. ನನ್ನ ನಾಯಿ ಒಂದು ಕೊಂಡುಕುರಿ ಕೆಡವಿದರೆ ಜೈಲಿಗೆ ಹೋಗುವವನು ನಾನು. ಮೊಲ ಹಿಡಿದರೂ ಕೇಸೇ, 1972ರ ಕಾಯ್ದೆಯಲ್ಲಿ ಮೊಲಕ್ಕೂ ಜಾಗ ಇದೆ. ಇನ್ನು ಕಾಡಿನ ಅಂಚಲ್ಲಿ ಕಳ್ಳರು ಇಡುವ ಉರುಳು, ಸಿಡಿಮದ್ದು. ಹಿಟ್ಟಲ್ಲಿ ಸುತ್ತಿ ಇಟ್ಟ ಸಿಡಿಮದ್ದು ಹಂದಿಗೆ ಅಂತ ಇಟ್ಟಿರುತ್ತಾರೆ, ಬಾಯಿ ಛಿದ್ರ ಆಗುವುದು ಹಸುವಿನದು, ನಾಯಿಯದು. ಬದು ದಾಟಿದ ನಾಯಿ ಎಲ್ಲ ರೀತಿಯಲ್ಲೂ ಕಳೆದುಕೊಂಡ ನಾಯಿ.

ನಾಯಿ ತರುವ ಮುಂಚೆ, ಹಂದಿ ಓಡಿಸಲು ಎಲ್ಲರೂ ಮಾಡುವುದನ್ನೆಲ್ಲ ಮಾಡಿದ್ದೆ. ಕ್ಷೌರದಂಗಡಿ ಕೂದಲು ತಂದು ಬದುವಿಗೆ ಚೆಲ್ಲಿದೆ, ಒಂದು ವಾರ ಕೆಲಸ ಮಾಡಿತು, ಮಳೆ ಬಂತು, ಮುಗೀತು. ಹಳೇ ಸೀರೆ ಕಟ್ಟಿದೆ. ಕೊಳೆತ ಮೊಟ್ಟೆ ಕಲಸಿ ಹೊಡೆದೆ, ಹಂದಿ ಬಂದವು, ನನ್ನ ಹೆಂಡತಿ ಹೊಲಕ್ಕೆ ಬರುವುದು ಬಿಟ್ಟಳು. ಹೊಲ ಕಾಯುವ ಅಟ್ಟದ ಮೇಲೆ ರೇಡಿಯೋ ಹಚ್ಚಿಟ್ಟೆ, ನಾಲ್ಕನೇ ರಾತ್ರಿ ಹಂದಿ ಅದರ ಬುಡದಲ್ಲೇ ತೆನೆ ಮುರಿದಿದ್ದವು. ಅಜ್ಜನ ಕಾಲದ ಬೆಳೆ ರಕ್ಷಣೆ ಬಂದೂಕೂ ಇದೆ, ಲೈಸೆನ್ಸಿನದು. ಪ್ರತಿ ಚುನಾವಣೆಗೆ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತಗೊಳ್ಳೋದು, ಆಮೇಲೆ ಚೀಟಿ ಹುಡುಕೋದು. ಗೋಡೆ ಮೇಲೆ ಚಂದ ಕಾಣುತ್ತದೆ ಅಷ್ಟೇ.

ಮೊದಲ ನಾಯಿಯ ಕಥೆ ಹೇಳಲೇಬೇಕು, ದುಡ್ಡು ಹೋದದ್ದೆಲ್ಲ ಅಲ್ಲೇ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿಗೇ ಹೋಗಬೇಕಿತ್ತು. ನನಗೆ ತಾಳ್ಮೆ ಇಲ್ಲ. ಮಧ್ಯದವನೊಬ್ಬನ ಹತ್ತಿರ ಹನ್ನೊಂದು ಸಾವಿರ ಕೊಟ್ಟು ತಂದೆ. ಬೆಳೆದ ಮೇಲೆ ನೋಡಿದರೆ ಎದೆ ಇಳಿದಿಲ್ಲ, ಬಾಲ ಸುರುಳಿ, ಅರ್ಧ ನಾಟಿ. ಓಟ ಮಾತ್ರ ಇತ್ತು. ಭೈರ ಅಂತ ಹೆಸರಿಟ್ಟೆ.

ಆರು ತಿಂಗಳಿಗೇ ಬೈಕಿನ ಹಿಂದೆ ಓಡಿಸಿದೆ. ದೊಡ್ಡ ತಪ್ಪು. ಮುಂಗಾಲು ಕುಂಟು ಬಂದು ಎರಡು ತಿಂಗಳು ಕಟ್ಟಿಹಾಕಬೇಕಾಯಿತು. ಈ ಜಾತಿಯನ್ನು ವರ್ಷ ತುಂಬುವವರೆಗೆ ಜೋರಾಗಿ ಓಡಿಸಲೇಬಾರದು, ತಾನಾಗಿ ಆಡಿದಷ್ಟು ಸಾಕು. ಆಮೇಲೆ ಐವತ್ತು ಅಡಿ ಹಗ್ಗ. ಬೇರೆ ನಾಯಿಗೆ ಹಗ್ಗದ ಪಾಠ ಸರಿ, ಇದು ನಾಲ್ಕು ಹೆಜ್ಜೆಗೆ ಪೂರ್ತಿ ವೇಗ ಹಿಡಿಯುತ್ತದೆ, ಹಗ್ಗ ಮುಗಿದಾಗ ಕತ್ತಿನ ಮೇಲೆ ಪಲ್ಟಿ ಹೊಡೆಯಿತು. ನನ್ನ ಅಂಗೈ ಸುಟ್ಟ ಗುರುತು ಈಗಲೂ ಇದೆ. ಹಗ್ಗ ಕಟ್ಟುವುದಿದ್ದರೆ ಎದೆಗೆ ಕಟ್ಟುವ ಬೆಲ್ಟಿಗೆ ಕಟ್ಟಿ, ಕತ್ತಿಗೆ ಬೇಡ.

ಆಮೇಲೆ ಯಾರೋ ಹೇಳಿದರು ಅಂತ ಕರೆಂಟ್ ಬೆಲ್ಟು ತರಿಸಿದೆ. ನಾಲ್ಕು ಸಾವಿರದ ಎಂಟುನೂರೋ ಏನೋ. ಭೈರ ಬೆಕ್ಕಿನ ಹಿಂದೆ ಓಡಿದ, ನಾನು ಗುಂಡಿ ಒತ್ತಿದೆ. ಆ ಗಳಿಗೆಗೆ ಸರಿಯಾಗಿ ಪಕ್ಕದ ಹೊಲದವರ ಬಿಳಿ ಎತ್ತು ಅಡ್ಡ ಬಂತು. ಅಲ್ಲಿಂದ ಮುಂದೆ ಭೈರನಿಗೆ ಬಿಳಿ ಎತ್ತು ಕಂಡರೆ ನಡುಕ, ಬೆಕ್ಕಿನ ಮೇಲೆ ಸಿಟ್ಟು ಹಂಗೇ ಇತ್ತು. ಬೆಲ್ಟು ಅಟ್ಟದ ಮೇಲೆ ಬಿದ್ದಿದೆ, ಬೇಕಾದವರು ಅರ್ಧ ರೇಟಿಗೆ ತಗೊಂಡು ಹೋಗಬಹುದು, ಆದರೆ ತಗೋಬೇಡಿ.

2022ರಲ್ಲಿ ಅವನು ಕುರಿ ಮಂದೆಯೊಳಗೆ ನುಗ್ಗಿ ಒಂದು ಟಗರುಮರಿ ಕೊಂದ, ಒಂಬತ್ತು ಸಾವಿರ ದಂಡ ಕೊಟ್ಟೆ. ಅದೇ ವರ್ಷ ತೆನೆ ಹಾಲುಗಾಳಿಗೆ ಬಂದಾಗ ಹಂದಿ ಹಿಂದೆ ಹೋದವನು ಕೂಗಿದರೂ ಬರಲಿಲ್ಲ. ಬೆಳಗಿನ ಜಾವ ತೊಡೆ ಸೀಳಿಕೊಂಡು ಬಂದ. ದಾವಣಗೆರೆಯಲ್ಲಿ ಹೊಲಿಗೆ ಹಾಕಿಸಿದೆ, ಆರು ಸಾವಿರದ ಹತ್ತಿರ. ಈ ಜಾತಿಗೆ ಮೈಯಲ್ಲಿ ಕೊಬ್ಬು ಕಮ್ಮಿ, ಅರಿವಳಿಕೆ ಕೊಡುವಾಗ ಡಾಕ್ಟರಿಗೆ ಅದನ್ನು ನೆನಪು ಮಾಡಿ. ಭೈರ ಬದುಕಿದ, ಓಟ ಹೋಯಿತು. ಈಗ ತಂಗಿಯ ಮನೆಯಲ್ಲಿ ಕೊಟ್ಟಿಗೆ ಕಾಯುತ್ತಾನೆ. ಆ ವರ್ಷ ನಾಲ್ಕು ಎಕರೆಯಲ್ಲಿ ಹದಿನೆಂಟು ಇಪ್ಪತ್ತು ಕ್ವಿಂಟಲ್ ಹಂದಿ ಪಾಲು. ಮಾವ ಬಂದು ಹೊಲ ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಎರಡನೆಯದನ್ನು ತಾಯಿ ತಂದೆ ಇಬ್ಬರನ್ನೂ ಕಣ್ಣಾರೆ ನೋಡಿ ತಂದೆ. ಹದಿನಾಲ್ಕು ಸಾವಿರ. ಹೆಣ್ಣು, ಹೆಸರು ಗೌರಿ. 2023ರಲ್ಲಿ ಬರ ಬಿತ್ತು, ನಮ್ಮ ಕಡೆ ಮೆಕ್ಕೆಜೋಳ ಮೊಣಕಾಲುದ್ದಕ್ಕೇ ಒಣಗಿತು, ಹಂದಿ ತಿನ್ನುವುದಕ್ಕೂ ತೆನೆ ಇರಲಿಲ್ಲ. ಹೊಲದಲ್ಲಿ ಕೆಲಸ ಇಲ್ಲ, ಕೈಯಲ್ಲಿ ಮರಿ ಇದೆ. ಆ ಬರ ಬರದಿದ್ದರೆ ನಾನು ಇಷ್ಟು ಹೊತ್ತು ಕೊಡುತ್ತಿರಲಿಲ್ಲ.

ಭೈರನ ಜೊತೆ ನಾನು ಮಾಡಿದ್ದು ಏನು ಅಂತ ಕೂತು ಯೋಚಿಸಿದೆ. ಕರೆದಾಗೆಲ್ಲ ಓಟ ನಿಲ್ಲುತ್ತಿತ್ತು, ಕೈಯಲ್ಲಿ ಒಂದು ಬಿಸ್ಕತ್ತು ಸಿಗುತ್ತಿತ್ತು. ಓಡುವುದಕ್ಕೇ ಹುಟ್ಟಿದ ನಾಯಿಗೆ ಬಿಸ್ಕತ್ತು ಯಾವ ಲೆಕ್ಕ? ಅದಕ್ಕೆ ಓಟಕ್ಕೆ ಓಟವನ್ನೇ ಕೂಲಿಯಾಗಿ ಕೊಡಬೇಕು. ಸೀಟಿ ಅಂದರೆ "ಆಟ ಮುಗೀತು" ಅಲ್ಲ, "ಹಿಂದೆ ಇನ್ನೊಂದು ಓಡ್ತಾ ಐತೆ ನೋಡು". ಇಷ್ಟೇ ನನ್ನ ವಿದ್ಯೆ.

ಮೂರು ತಿಂಗಳಿಂದಲೇ ಅಂಗಳದಲ್ಲಿ ಶುರು. ಬಿದಿರು ಕೋಲಿನ ತುದಿಗೆ ಹುರಿ, ಹುರಿಗೆ ಕುರಿ ಚರ್ಮದ ತುಂಡು. ಅದು ಆ ಕಡೆ ಹಾರುತ್ತಿರುವಾಗ ಒಂದು ಸೀಟಿ, ಚರ್ಮ ಸತ್ತಂತೆ ಬೀಳುತ್ತದೆ, ಅದೇ ಕ್ಷಣ ಅವಳ ಬೆನ್ನ ಹಿಂದೆ ಇನ್ನೊಂದು ಚರ್ಮ ಜೀವ ಪಡೆಯುತ್ತದೆ. ಇನ್ನೊಂದು ಕೋಲು ಅಣ್ಣನ ಮಗನ ಕೈಯಲ್ಲಿ. ದಿನಕ್ಕೆ ಆರೇಳು ಸಲ, ಅದಕ್ಕಿಂತ ಹೆಚ್ಚು ಬೇಡ. ಸೀಟಿ ಊದಿ ಹಿಂದೆ ಏನೂ ಇಲ್ಲದಿದ್ದರೆ ನೀವು ಸುಳ್ಳುಗಾರ, ಮೊದಲ ಆರು ತಿಂಗಳು ಒಂದು ಸಲವೂ ಸುಳ್ಳು ಹೇಳಬಾರದು.

ಸೀಟಿ ವಿಚಾರ: ಮೊದಲು ತಂದದ್ದು ಒಳಗೆ ಗುಂಡು ಉರುಳುವ ಸೀಟಿ, ನೆನೆದರೆ ಗುಂಡು ಅಂಟಿಕೊಂಡು ದನಿ ಬದಲಾಗುತ್ತದೆ. ಗುಂಡಿಲ್ಲದ್ದು ತಗೊಳ್ಳಿ, ಎರಡು ತಗೊಳ್ಳಿ, ಒಂದೇ ದನಿಯವು. ಬರೀ ಬಾಯಲ್ಲಿ ಹೊಡೆಯುವ ಸೀಟಿ ಸಿಟ್ಟು ಬಂದಾಗ ಒಂದು ತರ, ಸುಸ್ತಾದಾಗ ಒಂದು ತರ. ನಾಯಿಗೆ ಎಲ್ಲ ಗೊತ್ತಾಗುತ್ತದೆ.

ವರ್ಷ ತುಂಬಿದ ಮೇಲೆ ಬಯಲಿಗೆ ಹೋದೆವು. ಚರ್ಮವನ್ನು ನೂರಿಪ್ಪತ್ತು ಮೀಟರ್ ಎಳೆಯಲು ಯಂತ್ರ ಬೇಕು. ಮೊದಲು ಸೈಕಲ್ ತಲೆಕೆಳಗು ಮಾಡಿ ಪೆಡಲ್ ತಿರುಗಿಸಿದೆವು, ಹುಡುಗ ಬೆವರು ಸುರಿಸಿದರೂ ಗೌರಿ ಅರ್ಧದಲ್ಲೇ ಹಿಡಿಯುತ್ತಿದ್ದಳು. ಗುಜರಿಯಿಂದ ಕಾರಿನ ಸ್ಟಾರ್ಟರ್ ಮೋಟರ್ ತಂದು ಔಷಧಿ ಪಂಪಿನ ಬ್ಯಾಟರಿಗೆ ಕೊಟ್ಟೆ, ಎರಡೇ ಎಳೆತಕ್ಕೆ ಬ್ಯಾಟರಿ ಸತ್ತಿತು. ಸಾವಿರದ ಇನ್ನೂರು ಅಲ್ಲಿಗೆ. ಕೊನೆಗೆ ಹಳೇ ಟಿವಿಎಸ್ ಎಕ್ಸೆಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಟೈರು ಬಿಚ್ಚಿ, ರಿಮ್ಮಿಗೆ ಹುರಿ ಸುತ್ತುವ ಹಾಗೆ ಮಾಡಿದೆ. ವೇಗ ಬೇಕಾದಷ್ಟು. ಅದಕ್ಕಿಂತ ದೊಡ್ಡ ಲಾಭ ಬ್ರೇಕು: ಸೀಟಿ ಊದಿ ಬ್ರೇಕ್ ತುಳಿದರೆ ಚರ್ಮ ಅಲ್ಲೇ ಸಾಯುತ್ತದೆ. ನೈಲಾನ್ ದಾರ ಹಾಕಬೇಡಿ, ಗೌರಿಯ ಹಿಂಗಾಲಿಗೆ ಸುತ್ತಿಕೊಂಡು ಕೊಯ್ದಿತ್ತು. ದಪ್ಪ ಹತ್ತಿ ಹುರಿ ಸಾಕು.

ನಿಂತ ಚರ್ಮದಿಂದ ತಿರುಗುವುದು ಆರು ವಾರಕ್ಕೆ ಬಂತು. ಓಡುತ್ತಲೇ ಇರುವ ಚರ್ಮವನ್ನು ಬಿಟ್ಟು ತಿರುಗುವುದಕ್ಕೆ ನಾಲ್ಕು ತಿಂಗಳು. ಇಲ್ಲೇ ಎಲ್ಲರೂ ಕೈಬಿಡುವುದು, ನಾನೂ ಎರಡು ಸಲ ಬಿಟ್ಟಿದ್ದೆ. ಮಧ್ಯೆ ಗೌರಿಗೆ ಉಣ್ಣೆ ಜ್ವರ ಬಂದು ಇಪ್ಪತ್ತು ದಿನ, ಮೂರೂವರೆ ಸಾವಿರ ಹೋಯಿತು. ಸೀಟಿ ಮತ್ತು ತಿರುಗುವುದರ ನಡುವಿನ ಆ ಒಂದು ಗಳಿಗೆಯಲ್ಲಿ ನಾನೊಂದು ಕೆಲಸ ಮಾಡುತ್ತೇನೆ, ಅದನ್ನು ಬರೆಯಲ್ಲ. ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಸೀಟಿ ಊದುವ ಹೊತ್ತು ಮಾತ್ರ ಹೇಳುತ್ತೇನೆ: ಹೊರಟ ಮೊದಲ ಮೂರು ಸೆಕೆಂಡ್, ಇಲ್ಲವೇ ಮುಂದಿನದು ಕಣ್ಮರೆಯಾದ ಕ್ಷಣ. ಬಾಯಿಗೂ ಬಾಲಕ್ಕೂ ಹತ್ತು ಅಡಿ ಉಳಿದಾಗ ಊದಿದರೆ ಬ್ರಹ್ಮ ಊದಿದರೂ ಕೇಳಲ್ಲ, ಸೀಟಿಯ ಬೆಲೆ ಹೋಗುತ್ತದೆ. ಅಷ್ಟರಮಟ್ಟಿಗೆ ಮಾವ ಹೇಳಿದ್ದು ಸರಿಯೇ.

ಬಂದೂಕಿನವರ ಜೊತೆ ಬೇಟೆಗೆ ಹೋಗುವ ನಾಯಿಗೆ ಸದ್ದಿಗೆ ಹೆದರದಂತೆ ಕಲಿಸುವ ಕ್ರಮವನ್ನೂ ಮಾಡಿ ನೋಡಿದೆ, ಅಕ್ಕಪಕ್ಕದವರು ಪಟಾಕಿ ಹೊಡೆಯುತ್ತಾರಲ್ಲ. ಅವಳು ಮುದ್ದೆ ಮೊಸರು ತಿನ್ನುವಾಗ ಇನ್ನೂರು ಮೀಟರ್ ದೂರದಲ್ಲಿ ಒಂದು ಲಕ್ಷ್ಮಿ ಪಟಾಕಿ, ನಾಲ್ಕು ದಿನಕ್ಕೊಮ್ಮೆ ಇಪ್ಪತ್ತು ಹೆಜ್ಜೆ ಹತ್ತಿರ. ತಲೆ ಎತ್ತಿದರೆ ಮತ್ತೆ ಹಿಂದಕ್ಕೆ. ದೀಪಾವಳಿಗೆ ಇಡೀ ಓಣಿಯ ನಾಯಿಗಳು ಮಂಚದ ಕೆಳಗಿದ್ದವು, ಇವಳು ತಟ್ಟೆ ನೆಕ್ಕುತ್ತಿದ್ದಳು.

ಇನ್ನು ರಾತ್ರಿ. ಇದು ವಾಸನೆಯಿಂದಲ್ಲ, ಕಣ್ಣಿಂದ ನೋಡಿ ಅಟ್ಟುವ ನಾಯಿ, ಕತ್ತಲಲ್ಲಿ, ಆಳುದ್ದ ಮೆಕ್ಕೆಜೋಳದೊಳಗೆ ಏನು ನೋಡೀತು? ಬೊಗಳುವುದೂ ಕಮ್ಮಿ. ಅದಕ್ಕೆ ಜೊತೆಗೆ ಬೀದಿಯ ನಾಟಿ ನಾಯಿ ಕೆಂಚನನ್ನು ಹಾಕಿದೆ. ವಾಸನೆ ಅವನದು, ಬಾಯಿ ಅವನದು. ಬೆಳೆಯ ಸುತ್ತ ಎಂಟು ಅಡಿ ಜಾಗ ಬಿತ್ತದೆ ಬಿಟ್ಟೆ, ಬೀಜ ಉಳಿಸೋಕೆ ಹೀಗೆ ಮಾಡ್ತಾನೆ ಅಂತ ಜನ ಆಡಿಕೊಂಡರು. ಕೆಂಚ ಬೊಗಳುತ್ತಾನೆ, ಹಂದಿ ಹೊರಗೆ ಬೀಳುತ್ತವೆ, ನಾನು ಅಟ್ಟದಿಂದ ಬ್ಯಾಟರಿ ಬಿಡುತ್ತೇನೆ, ಗೌರಿ ಆ ಖಾಲಿ ಜಾಗದುದ್ದಕ್ಕೂ ಅಟ್ಟುತ್ತಾಳೆ, ಬದುವಿನ ಕಲ್ಲಿನ ಹತ್ತಿರ ಸೀಟಿ. ಒಂಟಿ ಗಂಡುಹಂದಿ ಬಂದ ರಾತ್ರಿ ಅವಳನ್ನು ಬಿಡುವುದೇ ಇಲ್ಲ, ಕೆಂಚನ ಬಾಯಿ, ನಾನು ಬಡಿಯುವ ಡಬ್ಬ ಅಷ್ಟೇ.

2024ರ ಆಗಸ್ಟಲ್ಲಿ ಅರಣ್ಯ ಇಲಾಖೆಯ ಗಾರ್ಡು ಬಂದರು. "ನಾಯಿ ಬಿಟ್ಟು ಬೇಟೆ ಆಡ್ತೀರಂತಲ್ಲ ಗೌಡ್ರೆ" ಅಂದರು. ಟೀ ಕೊಟ್ಟು, ಎಕ್ಸೆಲ್ ಹಚ್ಚಿ ತೋರಿಸಿದೆ. ನಾಲ್ಕು ಸಲ ನೋಡಿದರು, ಐದನೇ ಸಲ ಸೀಟಿ ಅವರೇ ಇಸಕೊಂಡು ಊದಿದರು. ಬಂದಳು.

ಮಾವ ಬಂದದ್ದು ಅದಾದ ವಾರಕ್ಕೆ. ಯಂತ್ರದ ಆಟ ನೋಡಲ್ಲ ಅಂದ. ಸಂಜೆ ಬದುವಿನ ಮೇಲೆ ಕೂತಿದ್ದೆವು, ನಮ್ಮ ಕಾಲಬುಡದಿಂದಲೇ ಒಂದು ಮೊಲ ಎದ್ದಿತು. ನಾನು ಬೇಕಂತ ಮಾಡಿದ್ದಲ್ಲ. ಗೌರಿ ಹಾರಿದಳು, ನನ್ನ ಬಾಯಿ ಒಣಗಿತು, ಊದಿದೆ. ಮಣ್ಣು ಎರಚಿಕೊಂಡು ಅರ್ಧ ಸುತ್ತು ಹೊಡೆದು, ಒಂದು ಸಲ ಮೊಲದ ಕಡೆ ನೋಡಿ, ಓಡಿ ಬಂದಳು. ಜೇಬಲ್ಲಿದ್ದ ಚರ್ಮ ಎಸೆದೆ. ಮಾವ ಬೀಡಿ ಹಚ್ಚಿದ. ಸ್ವಲ್ಪ ಹೊತ್ತು ಬಿಟ್ಟು, "ಸೀಟಿ ಎಷ್ಟಕ್ಕೆ ಸಿಗ್ತತೆ?" ಅಂದ.

ಒಂದು ಎಡವಟ್ಟು ಆಯಿತು. ಶಾಲೆಯ ಆಟದ ಮೇಷ್ಟ್ರು ಸೀಟಿ ಊದಿದಾಗ ಗೌರಿ ಹೊಲದಿಂದ ಸೀದಾ ಕಬಡ್ಡಿ ಅಂಕಣಕ್ಕೆ ಹೋಗಿ ನಿಂತಿದ್ದಳು. ಅವರ ಹತ್ತಿರ ಚರ್ಮ ಇರಲಿಲ್ಲ, ಪಾಪ. ಆಮೇಲೆ ಎರಡು ಗಿಡ್ಡ ಒಂದು ಉದ್ದ ಅಂತ ಬದಲಾಯಿಸಿದೆ, ಮತ್ತೆ ಎರಡು ತಿಂಗಳು ಹಿಡಿಯಿತು. ನೀವು ಮೊದಲೇ ಹಾಗೆ ಮಾಡಿ.

ಲೆಕ್ಕ: ಎರಡೂ ನಾಯಿ, ದಂಡ, ಡಾಕ್ಟರು, ಯಂತ್ರ ಸೇರಿ ಐವತ್ತೈದು ಸಾವಿರ ದಾಟಿದೆ. ಊಟ ಬೇರೆ, ಕೋಳಿ ಅಂಗಡಿಯ ಕಾಲು ತಲೆ, ಮುದ್ದೆ, ತಿಂಗಳಿಗೆ ಸಾವಿರದ ಮೇಲೆ. ಹಂದಿ ಪಾಲು 2024ರಲ್ಲಿ ಮೂರು ಕ್ವಿಂಟಲ್, 2025ರಲ್ಲಿ ಎರಡೂ ಇರಲಿಕ್ಕಿಲ್ಲ. ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ, ಹೆಂಡತಿ ಅದನ್ನು ನೆನಪಿಸುತ್ತಿರುತ್ತಾಳೆ. ನವಿಲಿಗೆ ಮಾತ್ರ ಇದು ಆಗಲ್ಲ. ಗೌರಿ ಹೋದರೆ ಮರ ಹತ್ತಿ ಕೂರುತ್ತವೆ, ಸೀಟಿ ಊದಿ ಅವಳು ಬಂದ ಮೇಲೆ ಇಳಿಯುತ್ತವೆ. ಅವಕ್ಕೂ ಸೀಟಿ ಅಭ್ಯಾಸ ಆದಂಗಿದೆ.